ಗಿರಾಕಿಯ ಹೆಗಲಿಗೆ ಟವಲು

ಕಂಡವರ ಮೈಗೆಲ್ಲ ಹೊಳಪು ಕೊಡುವ ನನ್ನ ಅಕ್ಕನಿಗೆ,

ತಂಗಿಯ ನಮಸ್ಕಾರ. ಕ್ಷೇಮವೇ ಅಂತ ಕೇಳುವುದಿಲ್ಲ. ನಿನ್ನ ಕ್ಷೇಮಕ್ಕೆ ಯಾವತ್ತೂ ಕೊರತೆ ಬಂದದ್ದಿಲ್ಲ. ಪಾರ್ಲರಿಗೆ ಬಣ್ಣ ಹೊಡೆಸಿ ಮುಗಿಯುವವರೆಗೆ ಇಟ್ಟುಕೋ ಅಂತ ನೀನು ನನ್ನ ಹತ್ತಿರ ಕಳಿಸಿದ ಮಗಳ ವಿಷಯ ಬರೆಯುತ್ತಿದ್ದೇನೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾನು ಬಾಯಿ ತೆಗೆದರೆ ಸಾಕು, ನಿನಗೆ ಗಿರಾಕಿ ಬಂದುಬಿಡುತ್ತಾರೆ. ಕಾಗದವನ್ನು ಅರ್ಧಕ್ಕೆ ಇಟ್ಟರೂ ಅದು ಅಲ್ಲೇ ಕಾದಿರುತ್ತದೆ.

ನಾನು ಕಾರು ಕಲಿಸುವವಳು. ದಿನವಿಡೀ ಪಕ್ಕದ ಸೀಟಿನಲ್ಲಿ ಕೂತು ಇನ್ನೊಬ್ಬರ ತಪ್ಪಿಗೆ ಬ್ರೇಕ್ ಒತ್ತಿ ಹೊಟ್ಟೆ ಹೊರೆಯುವವಳು. ಯಾರು ಹೇಗೆ ಕೂತಿದ್ದಾರೆ ಅನ್ನುವುದು ನನ್ನ ಕಣ್ಣಿಗೆ ಮೊದಲು ಬೀಳುತ್ತದೆ. ರೈಲು ನಿಲ್ದಾಣದಿಂದ ಮನೆ ತಲುಪುವವರೆಗೂ ನಿನ್ನ ಮಗಳು ಸೀಟಿಗೆ ಒರಗಲಿಲ್ಲ. ಬೆಲ್ಟು ಹೆಗಲಿಗೆ ತಾಗಿದಾಗ ಹಲ್ಲು ಕಚ್ಚಿದಳು. ಆ ಸೆಕೆಯಲ್ಲೂ ಕುತ್ತಿಗೆಯವರೆಗೆ ಜಿಪ್ಪು ಎಳೆದ ನೈಲಾನ್ ಜಾಕೀಟು. ಕೇಳಿದರೆ ಏನಿಲ್ಲ ಅಂದಳು. ಮಾರನೇ ದಿನ ಬಟ್ಟೆ ಒಗೆಯಲು ಹಾಕುವಾಗ ಅವಳ ಅಂಗಿಯ ಒಳಮೈ ನೋಡಿದೆ. ಬೆನ್ನಿನ ಭಾಗದಲ್ಲಿ ಒಣಗಿದ ರಕ್ತದ ಚುಕ್ಕೆಗಳಿದ್ದವು, ಅವುಗಳ ಸುತ್ತ ಎಣ್ಣೆಯ ಕಲೆ.

ತೋರಿಸು ಅಂತ ಅವಳನ್ನು ಒಪ್ಪಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ನಿನಗೆ ಅದನ್ನು ವರ್ಣಿಸಬೇಕಿಲ್ಲ, ದಿನಾ ಉಜ್ಜುತ್ತಿದ್ದವಳು ನೀನೇ. ಆದರೂ ವರ್ಣಿಸುತ್ತೇನೆ, ಓದು. ಹೆಗಲಿಂದ ನಡುಬೆನ್ನಿನವರೆಗೆ ಮೊಡವೆ. ಕೆಲವು ಕೀವು ತುಂಬಿದವು, ಕೆಲವು ಒಳಗೇ ಗಂಟುಕಟ್ಟಿ ನೋಯುವಂಥವು, ಒಡೆದಲ್ಲೆಲ್ಲ ಕಪ್ಪು ಗುರುತು. ಅವುಗಳ ಮೇಲೆ ನಿನ್ನ ಬ್ರಷ್ಷಿನ ಗೀರು, ಆ ಗೀರಿಗೆ ನೀನು ಉಪ್ಪು ಬೆರೆಸಿ ಹಚ್ಚಿದ ನಿಂಬೆರಸದ ಉರಿ. "ನಾನು ಸರಿಯಾಗಿ ಸ್ನಾನ ಮಾಡಲ್ಲ ಚಿಕ್ಕಮ್ಮ, ಅದಕ್ಕೇ ಹೀಗೆ" ಅಂದಳು. ಶಾಲೆಯಲ್ಲಿ ಎಲ್ಲರೆದುರು ಬಟ್ಟೆ ಬದಲಿಸಬೇಕಾಗುತ್ತದೆ ಅಂತ ಓಟದ ತಂಡವನ್ನೇ ಬಿಟ್ಟಿದ್ದಾಳಂತೆ. ನಿನ್ನ ಹತ್ತಿರ ಕಾಲುನೋವು ಅಂತ ಹೇಳಿದಳಂತೆ. ನೀನು ನಂಬಿದೆ, ಅಥವಾ ನಂಬುವುದು ಅನುಕೂಲವಾಯಿತು.

ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಕನ್ನಡಿಯ ಪಕ್ಕ ಚೌಕಟ್ಟು ಹಾಕಿಸಿ ತೂಗುಹಾಕಿದ್ದೀಯಲ್ಲ ಆ ಸರ್ಟಿಫಿಕೇಟುಗಳು, ಅವುಗಳ ಮುಂದೆ ನಿಂತು ಮುಂದಿನ ಮಾತು ಓದಿಕೋ. ಇದು ಕೊಳೆಯಲ್ಲ. ಕೂದಲ ಬುಡದ ರಂಧ್ರಗಳು ಜಿಡ್ಡಿನಿಂದ, ಸತ್ತ ಚರ್ಮದಿಂದ ಕಟ್ಟಿಕೊಂಡು ಬಾತುಕೊಳ್ಳುವುದು. ಆ ವಯಸ್ಸಿನಲ್ಲಿ ಯಾರಿಗಾದರೂ ಬರಬಹುದು. ಬೆವರು ಹಿಡಿದಿಡುವ ಬಿಗಿ ಬಟ್ಟೆ ಅದನ್ನು ಕೆರಳಿಸುತ್ತದೆ, ಉಜ್ಜಿದರೆ ಇನ್ನೂ ಕೆರಳುತ್ತದೆ, ಹಿಸುಕಿದರೆ ಗುರುತು ಉಳಿಯುತ್ತದೆ. ಇಷ್ಟು ಹೇಳಿ ಡಾಕ್ಟರು ಅವಳ ಜಡೆ ಎತ್ತಿ, ಬೆರಳಿಗೆ ಅಂಟಿದ ಜಿಡ್ಡು ನೋಡಿ, ತಲೆಗೆ ಏನು ಹಚ್ಚುತ್ತೀ ಅಂತ ಕೇಳಿದರು.

ನಿನ್ನ ಮಗಳು ತಲೆ ತಗ್ಗಿಸಿದಳು. ನಾನು ಉತ್ತರ ಕೊಟ್ಟೆ. ನನ್ನ ಅಕ್ಕನ ಸ್ವಂತ ತಯಾರಿಕೆ ಅಂದೆ. ನಿನ್ನ ಅಂಗಡಿಯ ಗಾಜಿನ ಮೇಲೆ ಆಳೆತ್ತರದ ಫೋಟೋ ಇದೆಯಲ್ಲ, ಸೊಂಟ ದಾಟಿದ ಕೂದಲು ಬಿಟ್ಟು ಬೆನ್ನು ತಿರುಗಿಸಿ ನಿಂತ ಹುಡುಗಿ ಇವಳೇ, ಕೆಳಗೆ ನಿನ್ನ ಎಣ್ಣೆಯ ಹೆಸರು. ಆ ಕೂದಲು ಮಂಕಾದರೆ ವ್ಯಾಪಾರ ಮಂಕಾಗುತ್ತದೆ ಅಂತ ಬೆಳಿಗ್ಗೆ ಎಣ್ಣೆ, ಸಂಜೆ ಕ್ರೀಮು. ಅದೆಲ್ಲ ಇಳಿದು ಹೋಗಿ ಸೇರುತ್ತಿದ್ದದ್ದು ಬೆನ್ನಿಗೆ. ಅದರ ಮೇಲೆ ನಿನ್ನ ಬ್ರಷ್ಷು. ಗಿರಾಕಿಗಳು ನೋಡಿದರೆ ಮಾನ ಹೋಗುತ್ತದೆ ಅಂತ ಅದರ ಮೇಲೊಂದು ಜಾಕೀಟು. ಒಂದು ತಪ್ಪನ್ನು ಮುಚ್ಚಲು ಇನ್ನೊಂದು ಮಾಡುವುದರಲ್ಲಿ ನೀನು ಮೊದಲಿಂದಲೂ ಜಾಣೆ.

ಇಷ್ಟೇ ಆಗಿದ್ದರೆ ನನ್ನ ಅಕ್ಕ ದಡ್ಡಿ ಅಂತ ಸುಮ್ಮನಿರುತ್ತಿದ್ದೆ. ದಡ್ಡತನವನ್ನು ನಾನು ಗಂಟೆಗಟ್ಟಲೆ ಪಕ್ಕದಲ್ಲೇ ಕೂರಿಸಿಕೊಳ್ಳುತ್ತೇನೆ, ಅದೇ ನನ್ನ ಕಸುಬು. ಆದರೆ ನಾನೂ ನಿನ್ನ ಕುರ್ಚಿಯಲ್ಲಿ ಕೂತಿದ್ದೇನೆ. ಎಣ್ಣೆಯ ಬಟ್ಟಲು ಮುಟ್ಟುವ ಮೊದಲು ನೀನು ಗಿರಾಕಿಯ ಕುತ್ತಿಗೆಯ ಸುತ್ತ ದಪ್ಪ ಟವಲು ಸುತ್ತಿ, ಹಿಂದೆ ಕ್ಲಿಪ್ಪು ಹಾಕುತ್ತೀಯ. ಯಾಕೆ ಅಂತ ಒಬ್ಬಾಕೆ ಕೇಳಿದಾಗ ನೀನು ನಕ್ಕು ಹೇಳಿದ ಮಾತು ನನ್ನ ಕಿವಿಯಲ್ಲೇ ಇದೆ. "ಎಣ್ಣೆ ಬೆನ್ನಿಗಿಳಿದ್ರೆ ಮೊಡವೆ ಏಳುತ್ತೆ ಮೇಡಂ, ಆಮೇಲೆ ನನ್ನನ್ನೇ ಬೈಕೋತೀರ." ದುಡ್ಡು ಕೊಡುವ ಬೆನ್ನಿಗೆ ಇಷ್ಟು ಕಾಳಜಿ. ಮಗಳಿಗೆ ಯಾವತ್ತಾದರೂ ಒಂದು ಟವಲು ಸುತ್ತಿದ್ದೀಯಾ? ಟವಲು ಸುತ್ತಿದರೆ ಅಂಗಡಿಗೆ ಬಂದವರಿಗೆ ಆ ಕೂದಲು ಹರಡಿ ಕಾಣುವುದಿಲ್ಲ, ಅಲ್ಲವೇ? ಥೂ ನಿನ್ನ.

ಈಗ ಇನ್ನೊಂದು ಸುದ್ದಿ, ಕುರ್ಚಿ ಹಿಡಿದುಕೋ. ಜಡೆ ಇಲ್ಲ. ಕೂದಲು ಮೇಲೆತ್ತಿ ಕಟ್ಟಿದರೂ ಸಾಕು ಅಂತ ಡಾಕ್ಟರು ಹೇಳಿದ್ದರು, ನಾನೂ ಹಾಗೇ ಹೇಳಿದೆ. ಅವಳೇ ಬೇಡ ಅಂದಳು. ನಮ್ಮ ಬೀದಿಯ ಕ್ಷೌರದಂಗಡಿಯಲ್ಲಿ ಕೂತು ಕಿವಿಯ ಮಟ್ಟಕ್ಕೆ ಕತ್ತರಿಸಿಕೊಂಡಳು. ಆ ಜಡೆ ಕಾಗದದಲ್ಲಿ ಸುತ್ತಿ ಕೊಡಲಾ ಅಂತ ಅಂಗಡಿಯವನು ಕೇಳಿದ. ಬೇಡ ಅಂದಳು. ನಿನ್ನ ಗಾಜಿಗೆ ಇನ್ನು ಬೇರೆ ಯಾರ ಬೆನ್ನನ್ನಾದರೂ ಹುಡುಕಿಕೋ.

ಔಷಧಿಯ ಸೋಪು, ಜೊತೆಗೊಂದು ಮುಲಾಮು ಕೊಟ್ಟಿದ್ದಾರೆ. ಸೋಪನ್ನು ಬೆರಳಲ್ಲೇ ಹಗುರವಾಗಿ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತೊಳೆಯಬೇಕು. ಆ ಸೋಪು ತಾಗಿದರೆ ಟವಲಿನ ಬಣ್ಣ ಹೋಗುತ್ತದೆ, ಹೋಗಲಿ, ನಮ್ಮ ಮನೆಯ ಟವಲುಗಳಿಗೆ ಯಾವ ಅಂದವೂ ಇರಲಿಲ್ಲ. ತಲೆ ಮೊದಲು ತೊಳೆದು, ಬೆನ್ನು ಕೊನೆಗೆ. ಬೆವರಿದ ಮೇಲೆ ಬೇಗ ಸ್ನಾನ. ಸಡಿಲವಾದ ಹತ್ತಿ ಅಂಗಿ. ಗಂಟುಗಳು ಇಳಿಯದಿದ್ದರೆ ಮತ್ತೆ ಬನ್ನಿ, ಮಾತ್ರೆ ನೋಡೋಣ ಅಂದಿದ್ದಾರೆ. ತಿಂಗಳುಗಳೇ ಹಿಡಿಯುತ್ತವಂತೆ. ಕಪ್ಪು ಗುರುತುಗಳು ನಿಧಾನಕ್ಕೆ ಮಾಸುತ್ತವೆ, ಆದರೆ ಕುಳಿಬಿದ್ದ ಕೆಲವು ಉಳಿದೇಬಿಡಬಹುದು ಅಂದರು. ಆ ಮಾತು ಕೇಳಿ ಅವಳು ಅಳಲಿಲ್ಲ. ಕಾರಿಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಅತ್ತಳು, ನಾನೂ ಅತ್ತೆ. ಅದನ್ನು ನಿನಗೆ ಹೇಳಬಾರದು ಅಂದುಕೊಂಡಿದ್ದೆ, ಹೇಳಿಬಿಟ್ಟೆ.

ನಾನು ಈ ಕಾಗದ ಬರೆಯುವುದನ್ನು ಅವಳು ನೋಡಿದಳು. ಬಂದು ಪಕ್ಕದಲ್ಲಿ ನಿಂತು, "ಅಮ್ಮಂಗೆ ಬೈಬೇಡಿ ಚಿಕ್ಕಮ್ಮ. ಅವಳಿಗೆ ಗೊತ್ತಿರ್ಲಿಲ್ಲ ಅಂತ ಬರೀರಿ" ಅಂದಳು. ಆಯ್ತು ಅಂದೆ. ಬರೆಯಲಿಲ್ಲ. ಕುರ್ಚಿಯಲ್ಲಿ ಕೂತವರಿಗೆಲ್ಲ ನೀನು ಪಾಠ ಹೇಳುತ್ತಿದ್ದದ್ದು ಅವಳ ಕಿವಿಗೂ ಬಿದ್ದಿದೆ, ಅವಳೂ ಅದೇ ಅಂಗಡಿಯಲ್ಲಿ ಬೆಳೆದವಳು. ನಿನಗೆ ಗೊತ್ತಿತ್ತು ಅನ್ನುವುದು ಅವಳಿಗೆ ಗೊತ್ತಿದ್ದೂ, ಗೊತ್ತಿರಲಿಲ್ಲ ಅನ್ನುತ್ತಿದ್ದಾಳೆ.

ಬಣ್ಣ ಒಣಗಿದ ಮೇಲೆ ಬಾ. ಮಗಳನ್ನು ಕರೆದುಕೊಂಡು ಹೋಗುವ ಮಾತು ಆಮೇಲೆ. ಮೊದಲು ಕೈ ತೊಳೆದುಕೊಂಡು, ನಾನು ದಿನಾ ಹಚ್ಚುವ ಮುಲಾಮನ್ನು ಆ ಬೆನ್ನಿಗೆ ನೀನೇ ಹಚ್ಚು. ಹಚ್ಚುತ್ತಾ, ನನಗೆ ಗೊತ್ತಿರಲಿಲ್ಲ ಅಂತ ಅವಳಿಗೆ ಹೇಳು. ಆ ಸುಳ್ಳು ಹೇಳಲು ನಿನ್ನ ನಾಲಿಗೆ ಏಳದೆ ಹೋದರೆ, ಅವಳನ್ನು ನಿನ್ನ ಜೊತೆ ಕಳಿಸುತ್ತೇನೆ. ಸಲೀಸಾಗಿ ಹೇಳಿಬಿಟ್ಟರೆ, ಅವಳು ಇಲ್ಲೇ ಇರುತ್ತಾಳೆ.

ನಿನಗೆ ನಾಚಿಕೆ ಬೇಗ ಬರಲಿ ಅಂತ ಹಾರೈಸುವ,
ನಿನ್ನ ತಂಗಿ