ಮಾನ ಕಾಲೇಜಿನದು, ಕಾಲು ಹುಡುಗನದು

ಭಾನುವಾರ, ಮಾರ್ಚ್ 9

ಪ್ರೀತಿಯ ತಂಗಿಗೆ,

ನೀವೆಲ್ಲ ಸೌಖ್ಯವೇ? ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ ಅಂತ ಮುನಿಸಿಕೊಳ್ಳಬೇಡ. ಪೆನ್ನು ಹಿಡಿದರೆ ಬರೀ ಬೈಗುಳವೇ ಬರುತ್ತಿತ್ತು. ಇವತ್ತೂ ಬರುತ್ತೆ, ಸಹಿಸಿಕೋ.

ನಿನ್ನ ಭಾವನನ್ನು ಕಾಲೇಜಿನವರು ಕೋಚ್ ಕೆಲಸದಿಂದ ತೆಗೆದು ಮನೆಗೆ ಕಳಿಸಿದರು. ಈ ವರ್ಷ ಫುಟ್‌ಬಾಲ್ ತಂಡ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ, ನಿಜ. ಗೆಲ್ಲೋದು ಹೇಗೆ? ಅರ್ಧ ಮೈದಾನದಲ್ಲಿ ಕಾರು ನಿಲ್ಲಿಸ್ತಾರೆ. ಗೋಲ್‌ಕೀಪರ್ ಹಾರಿ ಬಿದ್ದರೆ ಕೆಳಗೆ ಜಲ್ಲಿಕಲ್ಲು. ಹರಿದ ಬಲೆಯನ್ನು ನಾನೇ ನೈಲಾನ್ ದಾರದಲ್ಲಿ ಹೊಲಿದುಕೊಟ್ಟೆ ಕಣೇ. ಗಣ್ಯರು ಕೂರೋ ಕುರ್ಚಿಗೆ ಮಾತ್ರ ಹೊಸ ಬಣ್ಣ!

ಕೊನೆಯ ಪಂದ್ಯದಲ್ಲಿ ನಡೆದದ್ದು ಕೇಳು. ಕ್ಯಾಪ್ಟನ್ ಹುಡುಗನ ಮೊಣಕಾಲು ಊದಿಕೊಂಡಿತ್ತು. ಓಡಲೇಬಾರದು ಅಂತ ಡಾಕ್ಟರು ಹೇಳಿದ್ದರು. ವಿರಾಮದ ಹೊತ್ತಿಗೆ ಪ್ರಿನ್ಸಿಪಾಲರು ಬೆಂಚಿನ ಹತ್ತಿರ ಬಂದರು. "ಒಂದು ಇಂಜೆಕ್ಷನ್ ಕೊಟ್ಟು ಅವನನ್ನ ಇಳಿಸಿ. ಇದೊಂದಾದರೂ ಗೆದ್ದು ಕಾಲೇಜಿನ ಮಾನ ಉಳಿಸಿ."

"ಮಾನ ಕಾಲೇಜಿನದು ಸಾರ್, ಕಾಲು ಹುಡುಗನದು" ಅಂದರು ಇವರು.

ಆ ಹುಡುಗನೇ ಅಳುತ್ತಾ, "ನಾನು ಆಡ್ತೀನಿ ಸಾರ್" ಅಂದ. "ಸುಮ್ನೆ ಕೂತ್ಕೋ. ನಿನ್ನ ಮದುವೇಲಿ ಕುಣಿಯೋಕೆ ಕಾಲು ಬೇಡ್ವಾ?" ಅಂತ ಇವರು ಗದರಿ, ಅವನ ಬೂಟು ಬಿಚ್ಚಿಸಿ ತಮ್ಮ ಪಕ್ಕದಲ್ಲೇ ಇಟ್ಟುಕೊಂಡರು.

ಸೋತರು. ಮಾರನೇ ದಿನ ಪ್ರಿನ್ಸಿಪಾಲರು ಇವರನ್ನು ವರಾಂಡದಲ್ಲಿ ನಿಲ್ಲಿಸಿಕೊಂಡೇ, "ತಂಡಕ್ಕೆ ಹೊಸ ರಕ್ತ ಬೇಕು, ನೀವಿನ್ನು ವಿಶ್ರಾಂತಿ ತಗೊಳ್ಳಿ" ಅಂದರಂತೆ. ಕೂರಿ ಅನ್ನೋ ಸೌಜನ್ಯವೂ ಇಲ್ಲ. ಹೊಸ ರಕ್ತವಂತೆ! ಗೆದ್ದ ವರ್ಷಗಳಲ್ಲಿ ಇವರ ಹೆಗಲ ಮೇಲೆ ಕೈ ಹಾಕಿ ಫೋಟೋ ತೆಗೆಸಿಕೊಂಡವರು, ಈಗ ದಾರಿಯಲ್ಲಿ ಸಿಕ್ಕರೆ ತಮ್ಮ ಚಪ್ಪಲಿ ನೋಡಿಕೊಂಡು ಹೋಗ್ತಾರೆ. ನನ್ನ ಮೈ ಉರಿದುಹೋಗುತ್ತೆ.

ಇವರು ಮಾತ್ರ ಬೆಳಗಾದರೆ ಅದೇ ಟ್ರ್ಯಾಕ್‌ಪ್ಯಾಂಟ್ ಹಾಕಿಕೊಂಡು ಕಿಟಕಿ ಹತ್ತಿರ ಕೂರ್ತಾರೆ. "ಬೈಯಿರಿ, ಏನಾದರೂ ಒಡೆದು ಹಾಕಿ" ಅಂದೆ. "ಒಡೆದರೆ ಗುಡಿಸೋದು ಯಾರು?" ಅಂದರು. ಕೊನೆಗೆ ನಾನೇ ಒಂದು ಪಿಂಗಾಣಿ ತಟ್ಟೆ ಎತ್ತಿ ಕುಕ್ಕಿದೆ. ಗುಡಿಸಿದವರು ಅವರೇ.

ನಿನ್ನ ಮಕ್ಕಳು ನೂರು ಕಾಲ ಚೆನ್ನಾಗಿರಲಿ. ಆಟ ಆಡಲಿ, ಆಡಿಸೋರ ಸಹವಾಸ ಮಾತ್ರ ಬೇಡ.

ಇತಿ ನಿನ್ನ
ಅಕ್ಕ

ವಿ.ಸೂ: ಹೊಸ ಕೋಚ್ ಯಾರು ಅಂತ ನೀನು ಕೇಳೇ ಕೇಳ್ತೀಯ. ನನ್ನ ಮಗ ಕಣೇ. ಅಪ್ಪನ ಹತ್ತಿರವೇ ಆಟ ಕಲಿತವನು. ಕೊನೆಯ ಪಂದ್ಯಕ್ಕೆ ಮೊದಲೇ ಒಪ್ಪಿಕೊಂಡಿದ್ದನಂತೆ. ದಿನಾ ನಮ್ಮ ಜೊತೆ ಕೂತು ಉಂಡವನು ಒಂದು ಮಾತು ಬಾಯಿ ಬಿಡಲಿಲ್ಲ. ನಿನ್ನೆ ಸಂಜೆ ಬಾಗಿಲಲ್ಲೇ ನಿಂತು, "ಅಪ್ಪ, ಆಟದ ಸಾಮಾನಿನ ಕೋಣೆ ಕೀ ಬೇಕಿತ್ತು" ಅಂದ. ಇವರು ಗೊಂಚಲಿನಿಂದ ಕೀ ಬಿಡಿಸಿ ಕೊಟ್ಟು, "ಬಾಗಿಲನ್ನ ಸ್ವಲ್ಪ ಎತ್ತಿ ತಳ್ಳು, ಇಲ್ಲದಿದ್ರೆ ತೆಗೆಯಲ್ಲ" ಅಂದರು, ಅಷ್ಟೇ. ಬೇರೆ ಯಾರಾಗಿದ್ದರೂ ಶಾಪ ಹಾಕಿ ಹಗುರಾಗ್ತಿದ್ದೆ. ಇವನಿಗೆ ಊಟ ಬಡಿಸಬೇಕಲ್ಲೇ.