ವಾದಿರಾಜನ ಕತ್ತಿನ ಎಡಭಾಗ

ಬಸವನಗುಡಿ
೯ ಜನವರಿ ೨೦೨೬

ಪಾರ್ಕಿನ ಧನ್ವಂತರಿಯೂ, ನುಗ್ಗೆಸೊಪ್ಪಿನ ರಸದ ಮಹಾಪ್ರಚಾರಕನೂ ಆದ ಚಿರಂಜೀವಿ ವಾದಿರಾಜನಿಗೆ,

ರಾಮಸ್ವಾಮಿಯ ಆಶೀರ್ವಾದಗಳು. ನಿನಗಿಂತ ಒಂದು ತಿಂಗಳಿಗೆ ದೊಡ್ಡವನಾದ್ದರಿಂದ ಆಶೀರ್ವದಿಸುವ ಹಕ್ಕು ನನಗುಂಟು. ಬರೆಯುವುದು ತಡವಾಯಿತು, ಕ್ಷಮಿಸು. ಫೋನಿನಲ್ಲೇ ಮುಗಿಸೋಣವೆಂದು ವಾರವೆಲ್ಲ ಪ್ರಯತ್ನಿಸಿದೆ, ನೀನು ಎತ್ತಲಿಲ್ಲ. ವಾಕಿಂಗಿಗೂ ಬರುತ್ತಿಲ್ಲ. ನಿನ್ನ ಕಲ್ಲುಬೆಂಚು ಖಾಲಿ. ಉಪದೇಶದ ಕಾಟವಿಲ್ಲದೆ ನಮ್ಮ ವಾಕಿಂಗ್ ಬಳಗದ ದೊರೆಸ್ವಾಮಿ ನೆಮ್ಮದಿಯಾಗಿ ಬೋಂಡಾ ತಿನ್ನುತ್ತಿದ್ದಾನೆ.

ಅಂದು ಸ್ಕ್ಯಾನ್ ಸೆಂಟರಿಗೆ ನಿನ್ನನ್ನು ಕರೆದದ್ದು ನನಗೆ ಹೆದರಿಕೆಯಾಗಿ ಅಲ್ಲ. ಅದು ಬೋನು. ಹೋದ ತಿಂಗಳು ನಿನ್ನ ಬಲಗೈಯಿಂದ ಕಾಫಿ ಲೋಟ ಜಾರಿದ್ದನ್ನು ನೋಡಿದ್ದೆ. ಅಂಥ ಲೋಟ ನಮ್ಮ ಮನೆಯಲ್ಲೂ ಒಮ್ಮೆ ಬಿದ್ದಿತ್ತು. ಕತ್ತಿನ ರಕ್ತನಾಳದ ಸ್ಕ್ಯಾನಿಗೆ ಒಬ್ಬನೇ ಹೋಗಲು ನನಗೆ ಧೈರ್ಯವಿಲ್ಲ ಎಂದೆ. ಡಾಕ್ಟರಿಗೆ ಬುದ್ಧಿ ಹೇಳುವ ಅವಕಾಶವನ್ನು ನೀನು ಬಿಡುವವನೇ? ಬಂದೆ. ಇದೆಲ್ಲ ವ್ಯಾಪಾರವೆಂದು ಸ್ಕ್ಯಾನ್ ಮಾಡುವ ಡಾಕ್ಟರ್ ಪ್ರತಿಭಾಗೇ ನೀನು ಪ್ರವಚನ ಕೊಟ್ಟೆ. ಆಕೆ ನಗುತ್ತಲೇ ನನ್ನ ಸ್ಕ್ಯಾನ್ ಮುಗಿಸಿದರು. ಇಷ್ಟೆಲ್ಲ ವಡೆ ಕಂಡರೂ ನನ್ನ ನಾಳಗಳು ಸರಾಗ. "ಹಾಗಿದ್ರೆ ನಿಂದು ಇನ್ನೂ ಚೆನ್ನಾಗಿರ್ಬೇಕು, ತೋರ್ಸೋ," ಎಂದೆ ನಾನು. ನೀನು ಎದೆ ಸೆಟೆಸಿಕೊಂಡು ಮಲಗಿದೆ. ನಿನ್ನ ಹೆಸರನ್ನು ನಾನು ಮೊದಲೇ ಬರೆಸಿದ್ದೆ.

ಕತ್ತಿಗೆ ತಣ್ಣನೆಯ ಜೆಲ್ ಹಚ್ಚಿ, ಮಾತಾಡಬಾರದು ಎಂದರು. ಆ ಮೌನವೊಂದಕ್ಕೇ ಆಟೋ ಖರ್ಚು ಸಾರ್ಥಕ. ಬಲಗಡೆ ರಕ್ತ ಪರದೆಯ ಮೇಲೆ ಒಂದೇ ಬಣ್ಣದಲ್ಲಿ, ಧಪ್ ಧಪ್ ಎಂದು ಶಿಸ್ತಾಗಿ ಹರಿಯಿತು. ಎಡಗಡೆಗೆ ಬಂದಾಗ ರಂಗೋಲಿ ಪುಡಿಯ ಡಬ್ಬಗಳನ್ನೆಲ್ಲ ಒಟ್ಟಿಗೆ ಕೆಡವಿದಂತಾಯಿತು. ಕೆಂಪು, ನೀಲಿ, ಹಳದಿ ಕಲಸಿಕೊಂಡು ತಿರುಗತೊಡಗಿದವು. ಕುಕ್ಕರು ಕೂಗುವ ಮುಂಚೆ ಬುಸುಗುಡುತ್ತದಲ್ಲ, ಅಂಥ ಸದ್ದು.

"ಇಲ್ಲಿ ದಾರಿ ಕಿರಿದಾಗಿದೆ ಸರ್. ರಕ್ತ ನುಗ್ಗಿ ಬಂದು ಮುಂದೆ ಸುಳಿ ಹಾಕ್ತಿದೆ. ತಡ ಮಾಡ್ದೆ ಸರ್ಜನ್ನ ನೋಡಿ," ಎಂದರು.

ನಾನು ಪರದೆ ಬಿಟ್ಟು ನಿನ್ನ ಮುಖ ನೋಡಿದೆ. ಸುಳ್ಳೇಕೆ ಹೇಳಲಿ, ಹಬ್ಬದೂಟ ಉಂಡಷ್ಟು ತೃಪ್ತಿಯಾಯಿತು ಕಣೋ.

ನೀನು ವರದಿಯನ್ನೂ ಬಿಟ್ಟು ಓಡಿದೆ. ಮನೆಯಲ್ಲಿ ಅವಿತು ಅದೇ ರಸ ಕುಡಿಯುತ್ತ, ನಿನ್ನ ಹೆಂಡತಿಗೆ ಎಲ್ಲ ನಾರ್ಮಲ್ ಎಂದಿದ್ದೀಯಂತೆ. ನಿನ್ನೆ ಮಧ್ಯಾಹ್ನ ನೀನು ಮಲಗಿದ್ದಾಗ ನಾನು ತ್ಯಾಗರಾಜನಗರದ ನಿಮ್ಮ ಮನೆಗೆ ಬಂದು ಆ ವರದಿಯನ್ನು ನಿನ್ನ ಭಾಗೀರಥಮ್ಮನವರ ಕೈಗೇ ಕೊಟ್ಟೆ. "ಏಳ್ಲಿ ಇವ್ರು," ಎಂದರು, ಅಷ್ಟೇ. ಆಮೇಲೆ ಏನಾಯಿತೆಂದು ನೀನು ಬರೆಯಬೇಕಾಗಿಲ್ಲ, ಊಹಿಸಿಕೊಂಡೇ ಸುಖಪಡುತ್ತಿದ್ದೇನೆ.

ಸೋಮವಾರ ಬೆಳಗ್ಗೆ ಆಟೋ ತರುತ್ತೇನೆ. ಸರ್ಜನ್ ಬಳಿ ಬರದಿದ್ದರೆ ನಾನು ಫೋನಿನಲ್ಲಿ ತೆಗೆದಿಟ್ಟ ನಿನ್ನ ಕತ್ತಿನ ಬಣ್ಣದ ಚಿತ್ರ ವಾಕಿಂಗ್ ಬಳಗದ ವಾಟ್ಸಾಪಿಗೆ ಹೋಗುತ್ತದೆ. ಆಮೇಲೆ ಸರ್ಜನ್ ಕೊಟ್ಟ ಮಾತ್ರೆಯನ್ನು ದಿನವೂ ಅದೇ ಬೆಂಚಿನ ಮೇಲೆ, ಎಲ್ಲರೆದುರು ನುಂಗಬೇಕು. ನೀರು ಹಿಡಿದು ನಾನೇ ನಿಂತಿರುತ್ತೇನೆ. ಇದನ್ನು ಸ್ನೇಹವೆಂದು ತಪ್ಪು ತಿಳಿಯಬೇಡ. ನೀನು ಸುಲಭವಾಗಿ ತಪ್ಪಿಸಿಕೊಳ್ಳಬಾರದು, ಅಷ್ಟೇ. ನೂರು ವರ್ಷ ಬಾಳು. ಮಾತು, ನೆನಪು ಎರಡೂ ಚೆನ್ನಾಗಿ ಇಟ್ಟುಕೊಂಡು ಬಾಳು.

ಇಂತು, ನಿನ್ನನ್ನು ಸಾಯಗೊಡದ
ರಾಮಸ್ವಾಮಿ

ಮರೆತ ಮಾತು (ಮರೆತದ್ದೇನೂ ಅಲ್ಲ): ಹಿಂದೆ ನನ್ನ ಆಂಡಾಳ್‌ಗೆ ತಲೆ ಸುತ್ತಿದಾಗ ಡಾಕ್ಟರು ಇದೇ ಸ್ಕ್ಯಾನ್ ಬರೆದುಕೊಟ್ಟಿದ್ದರು. ಆ ಬೆಂಚಿನ ಮೇಲೆ ಕೂತು ನೀನು, "ಅತ್ತಿಗೆ, ಇದೆಲ್ಲ ವ್ಯಾಪಾರ. ರಸ ಕುಡೀರಿ, ಹೊರಟ್ಹೋಗತ್ತೆ," ಎಂದೆ. ಅವಳು ಚೀಟಿ ಮಡಿಸಿ ಪರ್ಸಿಗೆ ಹಾಕಿಕೊಂಡು, "ಸರಿ," ಎಂದಳು. ಅವಳಿಗೆ ಪಾರ್ಶ್ವವಾಯು ಬಡಿದ ಮೇಲೆ ನೀನು ನಮ್ಮ ಮನೆ ಮೆಟ್ಟಿಲು ಹತ್ತಲಿಲ್ಲ, ಹಾಗಾಗಿ ನಿನಗೆ ತಿಳಿದಿರಲಾರದು: ಅವಳಿಗೆ ಈಗ ಉಳಿದಿರುವುದು ಆ ಒಂದು ಮಾತು. ಕಾಫಿ ಬೇಕೆ ಎಂದರೂ ಸರಿ, ಕಾಲು ನೋಯುತ್ತದೆಯೇ ಎಂದರೂ ಸರಿ. ಅಳುವಾಗಲೂ ಅದೇ.

ಸೋಮವಾರ ಆಟೋದಲ್ಲಿ ಅವಳೂ ಇರುತ್ತಾಳೆ. ನಿನ್ನ ಜಾಗ ಅವಳ ಪಕ್ಕ. ದಾರಿಯಲ್ಲಿ ಏನಾದರೂ ಕೇಳು, ಉತ್ತರ ಕೊಡುತ್ತಾಳೆ.