ಕಾಲೊನಿಗೆ ತಿರುಗದ ಔಷಧದ ಗಾಡಿ

ಪುನರ್ವಸತಿ ಅಧಿಕಾರಿಗಳೇ,

ಕಾಗಿಣಾ ನದಿ ಮನೆಯೊಳಗೆ ನುಗ್ಗಿದ ವರ್ಷ ತಾವು ನಮ್ಮನ್ನು ಹಳೆ ಊರಿನಿಂದ ಎಬ್ಬಿಸಿ, ಸೇಡಂ ರಸ್ತೆಯ ಬದಿಯ ತಗಡಿನ ಶೆಡ್ಡುಗಳ ಕಾಲೊನಿಗೆ ತಂದಿರಿ. ಮನುಷ್ಯರನ್ನು ತಂದಿರಿ, ದನಗಳನ್ನು ತಂದಿರಿ, ಹನುಮಂತ ದೇವರನ್ನೂ ಟ್ರ್ಯಾಕ್ಟರಿನಲ್ಲಿ ತಂದಿರಿ. ನಮ್ಮ ಕಾಯಿಲೆಗಳನ್ನು ಮಾತ್ರ ಅಲ್ಲಿಯೇ ಬಿಟ್ಟು ಬಂದಿರಿ. ಗುಣವಾಗದ ರೋಗಿಗಳ ನೋವು ಇಳಿಸಲು ಮನೆಗೇ ಬರುವ ಸರಕಾರಿ ಗಾಡಿ ಇಂದಿಗೂ ಹಳೆ ಊರಿಗೇ ಹೋಗುತ್ತದೆ. ಅಲ್ಲಿ ಈಗ ಇರುವುದು ಜಾಲಿಕಂಟಿ ಮತ್ತು ಯಾರದೋ ಎಮ್ಮೆಗಳು. ಎಮ್ಮೆಗಳು ಆರೋಗ್ಯವಾಗಿವೆ.

ನನ್ನ ಮಾವ ಖಂಡೆಪ್ಪ ಆ ಊರಿನಲ್ಲಿ ದೋಣಿ ನಡೆಸುತ್ತಿದ್ದವರು. ಹೊಟ್ಟೆಯ ಕ್ಯಾನ್ಸರ್ ಕೈಮೀರಿದಾಗ ಕಲಬುರಗಿಯ ಡಾಕ್ಟರು, ಮನೆಗೆ ಕರೆದೊಯ್ಯಿರಿ, ನೋವಿನ ಔಷಧ ಮನೆಬಾಗಿಲಿಗೇ ಬರುತ್ತದೆ ಎಂದರು. ಬರಲಿಲ್ಲ. ಆಚೆ ದಡಕ್ಕೆ ಕೇಳುವಂತೆ ಕೂಗುತ್ತಿದ್ದ ಮನುಷ್ಯ ಮೊಣಕಾಲು ಹೊಟ್ಟೆಗೊತ್ತಿ, ತಗಡಿನ ಕಡೆ ಮುಖ ಮಾಡಿ, ಸದ್ದಿಲ್ಲದೆ ಮಲಗುತ್ತಿದ್ದರು. ನಾನು ಗಾಡಿಯ ನರ್ಸ್ ಖುರ್ಷಿದಬೇಗಂ ಅವರಿಗೆ ಫೋನು ಹಚ್ಚಿದೆ.

"ಅಕ್ಕಾ, ನಾ ನಿಮ್ಮ ಮನಿ ಮುಂದೇ ನಿಂತೀನಿ. ಇಲ್ಲಿ ಬಾಗಿಲಾ ಇಲ್ಲ, ಮಾಳಗಿನೂ ಇಲ್ಲ," ಎಂದರು.

"ನಾವು ಕಾಲೊನಿಯೊಳಗ ಅದೀವ್ರಿ ಸಿಸ್ಟರ್. ಈ ಕಡಿ ಬರ್ರಿ."

"ನಂಗೂ ಬರೋ ಮನಸ್ಸದ. ಆದ್ರ ಕಾಲೊನಿ ಇನ್ನಾ ಊರು ಅಂತ ಆಗಿಲ್ಲಂತ. ಗಾಡಿ ತಿರುಗಿಸಿದ್ರ ಡ್ರೈವರನ ನೌಕರಿ ಹೋಗ್ತದ."

ಊರನ್ನು ಊರೆಂದು ಘೋಷಿಸುವ ಅಧಿಕಾರ ತಮ್ಮದು. ತಮಗೆ ಬಿಡುವಾಗುವ ತನಕ ಕಾಯಬೇಕೆಂದು ಕ್ಯಾನ್ಸರಿಗೆ ಯಾರು ತಿಳಿಸಬೇಕಿತ್ತು? ನಾವೇ ದಾರಿ ಹುಡುಕಿದೆವು. ಗಾಡಿ ಬರುವ ದಿನ ನೆರೆಮನೆಯ ದತ್ತುವಿನ ಟಂಟಂ ಆಟೋದಲ್ಲಿ ಹಾಸಿಗೆ ಹಾಸಿ, ಮಾವನನ್ನು ಹಳೆ ಮನೆಗೆ ಒಯ್ದು, ಸೂರಿಲ್ಲದ ಪಡಸಾಲೆಯಲ್ಲಿ ಮಲಗಿಸಿದೆವು. ಸಿಸ್ಟರ್ ಬಂದು ಔಷಧ ಕೊಟ್ಟರು. ಸ್ವಲ್ಪ ಹೊತ್ತಿಗೆ ಮಾವನ ಹುಬ್ಬು ಸಡಿಲಾಯಿತು. ಹೊಳೆಯ ಕಡೆ ನೋಡುತ್ತ ನನಗೆ, "ಅಂಬು, ಹೊಟ್ಟಿ ಸುಮ್ನಾತು ನೋಡವ್ವ. ಎರಡು ಮಿರ್ಚಿ ಭಜಿ ತರಸು," ಎಂದರು. ಸಿಸ್ಟರ್ ಗದರುವಂತೆ ಕಣ್ಣು ಬಿಟ್ಟರು. ಮಿರ್ಚಿ ಬರಲಿಲ್ಲ.

ಎರಡನೆಯ ಸಲ ಹೋದಾಗ ಬಂದದ್ದು ತಮ್ಮ ನೋಟಿಸು. ಅಪಾಯದ ವಲಯದಲ್ಲಿ ಅಕ್ರಮವಾಗಿ ಮರುವಾಸ, ತಕ್ಷಣ ಖಾಲಿ ಮಾಡದಿದ್ದರೆ ಕಾಲೊನಿಯ ಶೆಡ್ಡೂ ವಾಪಸು. ತಂದವರು ತಮ್ಮ ಸಿಬ್ಬಂದಿ ಬಸವಲಿಂಗ. ರೋಗಿಯನ್ನು ಕಂಡು ಕೈ ಹಿಂದೆಗೆದರು. ಮಾವ ತಾವೇ ಕೈ ಚಾಚಿದರು.

"ಏನಂತದ ತಮ್ಮಾ?"

"ಜಲ್ದಿ ಖಾಲಿ ಮಾಡ್ಬೇಕಂತ್ರಿ, ಕಾಕಾ."

"ಅದೇ ತಯಾರಿ ನಡದದ ಅಂತ ಸಾಹೇಬ್ರಿಗೆ ಹೇಳ್ರಿ. ಬರೇ ಮನಿ ಅಲ್ಲ, ಎಲ್ಲಾನೂ ಖಾಲಿ ಮಾಡ್ಲಿಕತ್ತೀನಿ. ಜರಾ ಹೊತ್ತು ಹಿಡೀತದ."

ಬಸವಲಿಂಗ ನಕ್ಕರು. ಆಮೇಲೆ ಆ ಕಡೆ ತಿರುಗಿ ಕಣ್ಣೊರೆಸಿಕೊಂಡರು. ಮಾವನನ್ನು ಟಂಟಂಗೆ ಏರಿಸುವಾಗ ಕಾಲಿನ ಕಡೆ ಹಿಡಿದವರು ಅವರೇ. ಇದಕ್ಕಾಗಿ ಅವರಿಗೆ ನೋಟಿಸು ಕೊಡಬೇಡಿ.

ಅಲ್ಲಿಂದ ಮುಂದೆ ಚಿಕಿತ್ಸೆ ನಡೆದದ್ದು ನಡುದಾರಿಯ ಸೇತುವೆಯ ಮೇಲೆ. ಸೇತುವೆ ಹಳೆ ಊರೂ ಅಲ್ಲ, ಕಾಲೊನಿಯೂ ಅಲ್ಲ, ಆಕ್ಷೇಪಣೆ ಎತ್ತುವವರಿಲ್ಲ. ಆ ಕಡೆಯಿಂದ ಗಾಡಿ, ಈ ಕಡೆಯಿಂದ ಟಂಟಂ, ನಡುವೆ ಸಿಕ್ಕಿಬಿದ್ದ ಸೇಡಂ ಬಸ್ಸು. ಕಿಟಕಿಯಿಂದ ಒಬ್ಬರು ಪಪ್ಪಾಯಿ ಎಲೆಯ ರಸ ಕುಡಿಸಿ ಎಂದರೆ, ಇನ್ನೊಬ್ಬರು ಚಿಂಚೋಳಿಯ ಹಕೀಮರ ವಿಳಾಸ ಹೇಳುವರು. ಕಂಡಕ್ಟರ್ ಒಮ್ಮೆ ಲೇಟಾಯಿತೆಂದು ಸಿಡುಕಿದಾಗ ಮಾವ ಮಲಗಿದ್ದಲ್ಲಿಂದಲೇ, "ಅವಸರ ಮಾಡಬ್ಯಾಡ್ರಿ. ನಿಮ್ಮ ಬಸ್ಸಿಗಿಂತ ಮೊದಲ ನಾ ಮುಟ್ತೀನಿ," ಎಂದರು. ಇಡೀ ಬಸ್ಸು ನಕ್ಕಿತು.

ಒಂದು ಮುಂಜಾನೆ ಎರಡು ಗುಟುಕು ಚಹಾ ಕುಡಿದು, ನನ್ನ ಮಗಳು ಪ್ರೀತಿಯನ್ನು ಏನೋ ಹೇಳಿ ನಗಿಸುತ್ತಲೇ ಮಾವ ತೀರಿಕೊಂಡರು. ಮುಖದಲ್ಲಿ ನೋವಿರಲಿಲ್ಲ. ಹಾಗಾದರೆ ಸೇತುವೆಯ ವ್ಯವಸ್ಥೆ ಯಶಸ್ವಿಯಾಗಿದೆ ಎಂದು ವರದಿ ಬರೆಯಲು ಕುಳಿತೀರಿ, ದಯವಿಟ್ಟು ತಾಳಿ.

ಈಗ ನಮ್ಮ ಸಾಲಿನ ಶಿವಕಾಂತಮ್ಮ ಮಲಗಿದ್ದಾರೆ. ಎದ್ದು ಕೂಡಲಾರರು. ಮಲಗಿ ಮಲಗಿ ಸೊಂಟದ ಕೆಳಗೆ ಹುಣ್ಣಾಗಿದೆ; ಸಿಸ್ಟರೇ ತೊಳೆದು ಪಟ್ಟಿ ಕಟ್ಟಬೇಕು. ಟಂಟಂ ತಂದು ನಿಲ್ಲಿಸಿದೆವು. ಆಕೆ ಮಲಗಿದ್ದ ಹೊರಸಿನ ಕಟ್ಟು ಹಿಡಿದುಕೊಂಡು ಬಿಡಲಿಲ್ಲ.

"ಬಸ್ಸಿನ ಮಂದಿ ಮುಂದ ಸೀರಿ ಸರಸಂತೀ ಏನ, ಅಂಬವ್ವ? ಹುಳ ಬಿದ್ರ ಬೀಳ್ಲಿ ಬಿಡು. ನಾ ಬರಂಗಿಲ್ಲ."

ದತ್ತು ಖಾಲಿ ಟಂಟಂ ತಿರುಗಿಸಿಕೊಂಡು ಹೋದ. ಆಕೆಯ ಮಾತಿಗೆ ತಮಗೆ ಉತ್ತರ ಹೊಳೆದರೆ ಬಂದು ಆಕೆಗೇ ಹೇಳಿ.

ಕಾಲೊನಿಯನ್ನು ಊರೆಂದು ಯಾವಾಗಲಾದರೂ ಕರೆಯಿರಿ, ಕರೆಯದಿದ್ದರೂ ಬದುಕುತ್ತೇವೆ. ಆದರೆ ಔಷಧದ ಗಾಡಿ ಈ ವಾರವೇ ಇತ್ತ ತಿರುಗಬೇಕು. ತಾವು ಕೊಟ್ಟ ಶೆಡ್ಡಿಗೆ ಬಾಗಿಲಿದೆ. ಚೆನ್ನಾಗಿ ಮುಚ್ಚುತ್ತದೆ. ಶಿವಕಾಂತಮ್ಮ ಅದನ್ನು ಮುಚ್ಚಿಕೊಂಡು ಗಾಯ ತೊಳೆಸಿಕೊಳ್ಳಲಿ.

ಇಂತಿ,
ಇನ್ನೂ ಊರಾಗದ ಊರಿನಿಂದ,
ಖಂಡೆಪ್ಪನವರ ಸೊಸೆ ಅಂಬುಜಾ